ಕೃಷ್ಣವ್ವನಿಗೆ ಬಿದ್ದ ಏಳುನೂರ ನಲವತ್ತು ಮಾರ್ಕು

ಮಿರಜದಲ್ಲಿ ದವಾಖಾನೆಗಳು ಎಷ್ಟಿವೆ ಎಂದು ಎಣಿಸಲು ಹೊರಟವನು ನಡುದಾರಿಯಲ್ಲಿ ಎಡವಿ ಬಿದ್ದರೆ, ಬೀಳುವುದೂ ಯಾವುದೋ ಒಂದು ದವಾಖಾನೆಯ ಮೆಟ್ಟಿಲ ಮೇಲೆಯೇ. ಅಥಣಿ, ಜಮಖಂಡಿ, ರಾಯಬಾಗ, ಜತ್ತ ಕಡೆಯಿಂದ ಎದೆ ಹಿಡಿದುಕೊಂಡು ಬಂದವನು ಒಳಗೆ ಮಲಗುತ್ತಾನೆ. ಅವನ ಹಿಂದೆ ಬಂದ ನಾಲ್ಕು ಮಂದಿ ಹೊರಗೆ ಹಸಿದು ನಿಲ್ಲುತ್ತಾರೆ. ಒಳಗಿನವನನ್ನು ಡಾಕ್ಟರರು ನೋಡಿಕೊಳ್ಳುತ್ತಾರೆ. ಹೊರಗಿನ ನಾಲ್ವರನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಂಡು ಬಂದವಳು ಸಲಗರೆಯ ಕೃಷ್ಣವ್ವ.

ದೊಡ್ಡ ದವಾಖಾನೆಯೊಂದರ ಬೆನ್ನಿಗೆ ಅಂಟಿಕೊಂಡ ಗಲ್ಲಿಯಲ್ಲಿ ಅವಳ ರಾಜ್ಯ. ತಗಡಿನ ಮಾಡು, ಮೂರು ಗೋಡೆ, ಮೂರು ಒಲೆ. ನಡುವಿನ ಒಲೆಯ ಮುಂದೆ ಒಂದು ಕಾಲು ಕುಂಟಾದ ಮಣೆ, ಅದೇ ಸಿಂಹಾಸನ. ಎಡಗಡೆ ಸೊಸೆ ಶೀತಲ, ಸೇನಾಧಿಪತಿ. ಹೊರಗೆ ರಿಕ್ಷಾ ನಿಲ್ಲಿಸಿಕೊಂಡು ದವಾಖಾನೆಯಿಂದ ದವಾಖಾನೆಗೆ ರೊಟ್ಟಿಯ ಗಂಟು ಮುಟ್ಟಿಸುವ ಮಗ ದಿಲೀಪ, ರಾಜದೂತ. ಬಾಗಿಲಲ್ಲಿ ಕೂತು ರೊಟ್ಟಿಯನ್ನು ಹಾಳೆಯಲ್ಲಿ ಸುತ್ತಿಕೊಡುವ ಗಂಡ ಧೋಂಡಪ್ಪ. ಅವನಿಗೆ ಯಾವ ಪದವಿ ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮಹಾರಾಣಿ ಎರಡು ಅಂಗೈಗಳ ನಡುವೆ ಹಿಟ್ಟಿನ ಮುದ್ದೆಯನ್ನು ತಿರುವಿ ಪರಾತದ ಅಗಲ ತಟ್ಟೆಗೆ ಹಾಕಿ ಪಟಪಟ ಬಡಿಯಲು ತೊಡಗಿದಳೆಂದರೆ, ದವಾಖಾನೆಯ ಮೂರನೆಯ ಅಂತಸ್ತಿನವರೆಗೂ ರಣವಾದ್ಯ ಕೇಳಿಸುತ್ತಿತ್ತು.

ಇಪ್ಪತ್ತೆರಡು ವರ್ಷ ಎದೆರೋಗದವರ ಸಂಬಂಧಿಕರ ಮಾತು ಕೇಳಿ ಕೇಳಿ ಕೃಷ್ಣವ್ವನಿಗೆ ಹೃದಯದ ವಿಷಯದಲ್ಲಿ ತಿಳಿಯದ್ದು ಏನೂ ಉಳಿದಿರಲಿಲ್ಲ. ಗಿರಾಕಿಗಳಿಗೆಲ್ಲ ಅವಳು ಮಾವಶಿ, ಚಿಕ್ಕವ್ವ. ಹೊಸ ಗಿರಾಕಿ ಬಂದು ನಿಂತರೆ ರೊಟ್ಟಿ ಎಷ್ಟು ಎಂದು ಕೇಳುವ ಮೊದಲೇ ಬರುವ ಪ್ರಶ್ನೆ ಬೇರೆ.

“ಎಷ್ಟ ಬ್ಲಾಕ?”

“ಎರಡ ಅಂದಾರ ನೋಡ್ರಿ ಮಾವಶಿ.”

“ಯಾರಿಗಿ?”

“ನಮ್ಮ ಕಾಕಾಗ.”

“ಬೀಡಿ ಸೇದತಿದ್ದಾ?”

“ಹೂಂ, ಸೇದತಿದ್ದಾ.”

“ಮತ್ತ!”

ಆ ‘ಮತ್ತ’ದೊಂದಿಗೆ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಅದು ಅಂತಿಮ ತೀರ್ಪು. ಅದರ ಮೇಲೆ ಅಪೀಲು ಇರಲಿಲ್ಲ. ಕುಡಿಯುವವರು, ಸೇದುವವರು, ತಿಂದು ಮಲಗುವವರು, ಮಟನ್ ರಸ್ಸಾದ ಮೇಲಿನ ಎಣ್ಣೆಯನ್ನೇ ಹುಡುಕಿ ಬಡಿಸಿಕೊಳ್ಳುವವರು ಎಲ್ಲರೂ ಆ ಬೆರಳಿನ ಮುಂದೆ ತಲೆ ತಗ್ಗಿಸಿದ್ದರು. ಆ ಬೆರಳಿನ ತುದಿ ಮಾತ್ರ ಕಪ್ಪಗೆ, ಇದ್ದಿಲಲ್ಲಿ ಅದ್ದಿದ ಹಾಗೆ ಇತ್ತು. ಒಲೆಯ ಮುಂದಿನ ಹೆಂಗಸಿನ ಬೆರಳು ಕಪ್ಪಗಿದ್ದರೆ ಯಾರು ಯಾಕೆ ಕೇಳುತ್ತಾರೆ?

ಅವಳ ಕೀರ್ತಿಯ ತುತ್ತತುದಿ ಎಂದರೆ ಆರು ವರ್ಷದ ಹಿಂದಿನ ಬೀಡಿ ಯುದ್ಧ. ಧೋಂಡಪ್ಪ ಸಲಗರೆಯಲ್ಲಿ ಮೂವತ್ತು ವರ್ಷ ಕುರಿ ಮೇಯಿಸಿದವನು. ಬಟಾಬಯಲಿನಲ್ಲಿ ಕುರಿಗಳ ಜೊತೆ ಮಾತು ಮುಗಿದ ಮೇಲೆ ಮನುಷ್ಯನಿಗೆ ಬೀಡಿಯಲ್ಲದೆ ಇನ್ನಾರು ದಿಕ್ಕು? ಮಿರಜಕ್ಕೆ ಬಂದ ಮೇಲೂ ದಿನಕ್ಕೆ ಒಂದೂವರೆ ಕಟ್ಟು ನಡೆದೇ ಇತ್ತು. ಒಂದು ದಿನ ಕೃಷ್ಣವ್ವ ಯುದ್ಧ ಸಾರಿದಳು. ಕಂಬಳಿಯ ಮಡಿಕೆ, ತಗಡಿನ ಸಂದಿ, ರಿಕ್ಷಾದ ಸೀಟಿನ ಕೆಳಗೆ, ಹಳೆಯ ಚಪ್ಪಲಿಯ ಒಳಗೆ ಎಂದು ಹನ್ನೊಂದು ಅಡಗುತಾಣಗಳನ್ನು ಭೇದಿಸಿದಳು. ಹನ್ನೊಂದನೆಯದು ಬೀರೋಬನ ಫೋಟೋದ ಬೆನ್ನ ಹಿಂದೆ. ದೇವರನ್ನೂ ಕಳ್ಳತನಕ್ಕೆ ಕರೆದುಕೊಂಡ ಗಂಡನನ್ನು ಒಮ್ಮೆ ನೋಡಿ, ಕಟ್ಟುಗಳನ್ನೆಲ್ಲ ಒಲೆಗೆ ಎಸೆದಳು. ಆ ಬೀಡಿಗಳ ಹೊಗೆ ಗಂಡನ ಎದೆಗೆ ಹೋಗುವ ಬದಲು ಹೆಂಡತಿಯ ಎದೆಗೆ ಹೋಯಿತಷ್ಟೆ; ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೀಡಿಯಿಲ್ಲದ ಮೂರನೆಯ ದಿನ ಧೋಂಡಪ್ಪ ಗಲ್ಲಿಯ ಮೂಲೆಯಲ್ಲಿದ್ದ ಲೈಟಿನ ಕಂಬದ ಜೊತೆ ಜಗಳಕ್ಕೆ ನಿಂತ. “ಯಾಕ ನಿಂತಿಲೇ ಇಲ್ಲೆ? ನಿನಗೇನ ಕೆಲಸ ಇಲ್ಲೇನ?” ಎಂದು ಕಂಬವನ್ನು ಕೇಳಿದ. ಕಂಬ ಉತ್ತರ ಕೊಡದ್ದರಿಂದ ಇನ್ನಷ್ಟು ಸಿಟ್ಟಾದ. ಈ ಕಥೆಯನ್ನು ಕೃಷ್ಣವ್ವ ಆರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಅಥಣಿ, ಜಮಖಂಡಿ, ರಾಯಬಾಗ ಮೂರೂ ತಾಲೂಕುಗಳಲ್ಲಿ ಆ ಕಂಬ ಪ್ರಸಿದ್ಧವಾಗಿತ್ತು. ಹೇಳುವಾಗ ಧೋಂಡಪ್ಪ ಅಲ್ಲೇ ಕೂತು ಹಾಳೆ ಮಡಚುತ್ತಿದ್ದ.

ಹೀಗೆ ಪರರ ಚಟಗಳನ್ನು ಬೇಟೆಯಾಡುವ ರಾಣಿಗೆ ಸ್ವಂತದ್ದೆಂದು ಒಂದೂ ಚಟವಿರಲಿಲ್ಲ. ಚಹಾ ಎರಡೇ ಸಲ. ಎಲೆ-ಅಡಿಕೆ ಹಬ್ಬಕ್ಕೆ. ಇನ್ನು ಹಲ್ಲು ತಿಕ್ಕುವುದು, ಅದು ಶುಚಿತ್ವದ ವಿಷಯ.

ಹಲ್ಲನ್ನು ಅವಳು ದಿನಕ್ಕೆ ಆರು ಸಲ ತಿಕ್ಕುತ್ತಿದ್ದಳು. ಎದ್ದ ಕೂಡಲೇ ಒಮ್ಮೆ, ಚಹಾದ ಮೇಲೆ ಒಮ್ಮೆ, ಮೊದಲ ನೂರು ರೊಟ್ಟಿ ಮುಗಿದ ಮೇಲೆ ಒಮ್ಮೆ, ಊಟದ ಮೇಲೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ. ಸೊಂಟದ ಚಂಚಿಯಲ್ಲಿ ಹಳೆಯದೊಂದು ಹಿಂಗಿನ ಡಬ್ಬಿ, ಡಬ್ಬಿಯಲ್ಲಿ ಮಶೇರಿ. ಸೋಮವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ತಂಬಾಕಿನ ಎಲೆಯನ್ನು ಹಳೆಯ ತವಾದ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ, ಜರಡಿ ಹಿಡಿದು, ಡಬ್ಬಿಗೆ ತುಂಬುತ್ತಿದ್ದಳು. ಆ ಹೊತ್ತಿಗೆ ಗಲ್ಲಿಯ ನಾಯಿಗಳು ಕೂಡ ಸೀನುತ್ತಿದ್ದವು. ಹದಿನೇಳನೆಯ ವಯಸ್ಸಿನಲ್ಲಿ ಚೊಚ್ಚಲ ಬಸಿರಲ್ಲಿ ಹಲ್ಲುನೋವು ಬಂದಾಗ ಅವಳ ಅವ್ವ ಒಂದು ಚಿಟಿಕೆ ಕೊಟ್ಟು, “ಇದನ್ನ ತಿಕ್ಕು, ಕಡಮಿ ಆಗ್ತೈತಿ” ಎಂದಿದ್ದಳು. ಕಡಿಮೆಯಾಯಿತು. ಆ ಹಲ್ಲು ಬಿದ್ದುಹೋಗಿ ಇಪ್ಪತ್ತು ವರ್ಷವಾಗಿತ್ತು. ಔಷಧ ಮಾತ್ರ ನಿಂತಿರಲಿಲ್ಲ.

ಸಾಂಗ್ಲಿಯಲ್ಲಿ ಬೆಳೆದ ಸೊಸೆ ಶೀತಲ ಒಮ್ಮೆ, ಅರ್ಧ ಮರಾಠಿಯಲ್ಲಿ, ಧೈರ್ಯ ಮಾಡಿ ಕೇಳಿದ್ದಳು: “ಅತ್ತಿ, ಮಶೇರಿ ಅಂದ್ರ ತಂಬಾಕೂಚ ನಾ?”

ಕೃಷ್ಣವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಾಗೆ ನಿಲ್ಲುವುದು ಅಪರೂಪ.

“ಏ ಶೀತ್ಲಿ, ಕುಳ್ಳ ಸುಟ್ಟ ಮ್ಯಾಲ ಅದಕ್ಕ ಸೆಗಣಿ ಅಂತಾರೇನ?”

“ನಾಹೀ.”

“ಏನಂತಾರ?”

“ವಿಭೂತಿ.”

“ಹಣಿಗಿ ಹಚ್ಚತೇವೋ ಇಲ್ಲೋ?”

“ಹಚ್ಚತೇವಿ.”

“ಸುಟ್ಟ ಮ್ಯಾಲ ಸೆಗಣಿ ವಿಭೂತಿ ಆಗ್ತೈತಿ. ಸುಟ್ಟ ಮ್ಯಾಲ ತಂಬಾಕು ಮಶೇರಿ ಆಗ್ತೈತಿ. ಬೆಂಕ್ಯಾಗ ಹೊಕ್ಕು ಬಂದದ್ದಕ್ಕ ದೋಷ ಎಲ್ಲಿಂದ ಬಂತು?”

ಶೀತಲ ಕನ್ನಡ ತಿಳಿಯುವಷ್ಟು ಕಲಿತಿದ್ದಳೇ ಹೊರತು ವಾದಿಸುವಷ್ಟು ಕಲಿತಿರಲಿಲ್ಲ. ಕಲಿತಿದ್ದರೂ ಈ ವಾದಕ್ಕೆ ಉತ್ತರ ಹುಡುಕಲು ಕಾಶಿಯ ಪಂಡಿತರೇ ಬರಬೇಕಾಗುತ್ತಿತ್ತು.

ಹೋದ ಮಳೆಗಾಲದ ನಂತರ ಕೃಷ್ಣವ್ವನಿಗೆ ಸಣ್ಣದೊಂದು ತೊಂದರೆ ಸುರುವಾಯಿತು. ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ಬಂದರೆ ಉಸಿರು ಹತ್ತುತ್ತಿತ್ತು. ನೂರರ ಮೇಲೆ ರೊಟ್ಟಿ ಬಡಿದರೆ ಎಡಭುಜ ಜಗ್ಗಿದಂತಾಗಿ ದವಡೆಯವರೆಗೆ ನೋವು ಏರುತ್ತಿತ್ತು. ಬೇರೆ ಯಾರಾದರೂ ಬಂದು ಇದನ್ನೇ ಹೇಳಿದ್ದರೆ ಅವಳು ಅರೆಗಳಿಗೆಯಲ್ಲಿ ರಿಕ್ಷಾ ಹತ್ತಿಸಿ ದವಾಖಾನೆಗೆ ಅಟ್ಟುತ್ತಿದ್ದಳು. ಸ್ವಂತಕ್ಕೆ ಬಂದಾಗ ಕಾರಣ ಬೇರೆಯಿತ್ತು. ಉಸಿರು ಹತ್ತಿದ್ದು ಪಿತ್ತದಿಂದ. ಭುಜದ ನೋವಿಗೆ ಹೊಟ್ಟೆಕಿಚ್ಚು ಕಾರಣ: “ಕೆಲಸ ಎಲ್ಲಾ ಬಲಗೈ ಮಾಡತೈತಿ, ಹೆಸರೂ ಅದಕ್ಕ. ಎಡಗೈ ಸಿಟ್ಟಿಗೆದ್ದೈತಿ.” ಎಡಗೈಯ ಸಿಟ್ಟು ಇಳಿಯಲೆಂದು ಇನ್ನೊಂದು ಸಲ ಹಲ್ಲು ತಿಕ್ಕುತ್ತಿದ್ದಳು. ದಿನಕ್ಕೆ ಏಳಾಯಿತು.

ಅಷ್ಟರಲ್ಲಿ ಆ ರಾಜ್ಯಕ್ಕೆ ವೃಷಾಲಿ ಕಾಲಿಟ್ಟಳು.

ಸಾಂಗ್ಲಿಯ ಕಾಲೇಜೊಂದರಲ್ಲಿ ಓದುವ ಹುಡುಗಿ. ಹೆಗಲಲ್ಲಿ ಚೀಲ, ಕೈಯಲ್ಲಿ ಮುದ್ರಿಸಿದ ಪ್ರಶ್ನೆಗಳ ಹಾಳೆ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಒಲೆಯ ಹೊಗೆಗೂ ಎದೆರೋಗಕ್ಕೂ ಏನು ಸಂಬಂಧ ಎಂದು ಅಡುಗೆಮನೆಗಳನ್ನು ಸುತ್ತುತ್ತಿದ್ದಳು. ಕನ್ನಡ ಬರುತ್ತದೆಯೇ ಎಂದರೆ, “ತಿಳೀತೈತಿ ಮಾವಶಿ, ಪಣ ಮಾತಾಡಾಕ ಅಡಚಣ. ಮನ್ಯಾಗ ಆಜಿ ಒಬ್ಬಾಕೀನ ಮಾತಾಡತಾಳ” ಎಂದು ನಕ್ಕಳು. ಆಜಿಯ ಕನ್ನಡ ಎಂದ ಕೂಡಲೇ ಕೃಷ್ಣವ್ವ ಕರಗಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಕೈಗೆ ಕೊಟ್ಟಳು.

“ಮನ್ಯಾಗ ಬೀಡಿ, ಸಿಗರೇಟ?”

“ಇವರು ಸೇದತಿದ್ರು. ಬಿಡಿಸೇನಿ. ಆ ಮೂಲ್ಯಾಗಿನ ಕಂಬ ನೋಡ್ದೇನವಾ? ಅದರ ಕೂಡ...”

ಕಂಬದ ಕಥೆ ಮುಗಿಯುವ ತನಕ ವೃಷಾಲಿ ಕಾದಳು. ಧೋಂಡಪ್ಪ ಹಾಳೆ ಮಡಚಿದ.

“ನೀವು ತಂಬಾಕು?”

“ಅಯ್ಯ ಶಿವನ! ನಾ ಏನ ಟ್ರಕ್ ಹೊಡೀತೇನೇನ?”

ವೃಷಾಲಿ ‘ಇಲ್ಲ’ ಎಂದು ಗುರುತು ಹಾಕಿದಳು. ಕಪ್ಪು ಬೆರಳು ಆ ಹೊತ್ತಿಗೆ ಹಿಟ್ಟಿನೊಳಗಿತ್ತು.

“ಒಲಿಗಿ ಏನ ಹಾಕತೀರಿ?”

“ಕಟ್ಟಿಗಿ, ಕುಳ್ಳ. ಆ ಫರ್ನೀಚರ್ ಅಂಗಡ್ಯಾವ ಪ್ಲೈವುಡ್ ತುಂಡ ಕೊಡತಾನ, ಬಣ್ಣಾ ಹಚ್ಚಿದ್ದು ಛಂದ ಉರೀತೈತಿ. ಹೊತ್ತಸಾಕ ಎರಡ ಕ್ಯಾರಿಬ್ಯಾಗ.”

ವೃಷಾಲಿ ಬರೆಯುವುದನ್ನು ನಿಲ್ಲಿಸಿ ಒಮ್ಮೆ ಒಲೆಯನ್ನು, ಒಮ್ಮೆ ಕೃಷ್ಣವ್ವನನ್ನು ನೋಡಿದಳು. ಆಮೇಲೆ ಪೆಟ್ಟಿಗೆಯ ಗುಂಡಿ ಒತ್ತಿ ಮಣೆಯ ಪಕ್ಕದಲ್ಲಿಟ್ಟಳು. ಅದು ಕ್ಷಣ ಯೋಚಿಸಿತು. ನಂತರ ಅಂಕೆಗಳು ಓಡತೊಡಗಿದವು. ಇನ್ನೂರು, ಮುನ್ನೂರೈವತ್ತು, ಆರುನೂರು. ಕೊನೆಗೆ ಏಳುನೂರ ನಲವತ್ತಕ್ಕೆ ಬಂದು, ಕೀಂ ಕೀಂ ಎಂದು ಅರಚಿಕೊಂಡಿತು.

“ಎಷ್ಟ ಬಿದ್ದು?” ಕೃಷ್ಣವ್ವ ಕುತೂಹಲದಿಂದ ಬಗ್ಗಿದಳು.

“ಏಳನೂರಾ ನಾಲ್ವತ್ತ, ಮಾವಶಿ.”

“ಹೊರಗ ಬಸ್ ಸ್ಟಾಪಿನ್ಯಾಗ ಇಟ್ಟ ನೋಡೀಯೇನ? ಅಲ್ಲೆ ಎಷ್ಟ ಬಿದ್ದಿದ್ದು?”

“ಎಂಬತ್ತೈದ.”

“ಎಂಬತ್ತೈದ!” ಕೃಷ್ಣವ್ವ ಗೆದ್ದವಳ ಹಾಗೆ ಹೊರಳಿದಳು. “ಕೇಳಿದ್ರೇನ್ರಿ? ಏಳನೂರಾ ನಾಲ್ವತ್ತ! ಶೀತ್ಲಿ, ಕೇಳಿದೇನ? ಇಷ್ಟ ಮಾರ್ಕ ಮತ್ಯಾರಿಗರೆ ಬಿದ್ದಾವೇನವಾ?”

“ಇಲ್ಲ,” ಎಂದಳು ವೃಷಾಲಿ, ಪ್ರಾಮಾಣಿಕವಾಗಿ.

ಧೋಂಡಪ್ಪ ಬಾಗಿಲಿನಿಂದ ಹೇಳಿದ: “ಹೆಚ್ಚ ಬಿದ್ರ ಚಲೋನೋ ಕೆಟ್ಟೋ, ಮೊದಲ ಅದನ್ನ ಕೇಳು.”

“ಹೆಚ್ಚ ಬಿದ್ದದ್ದು ಕೆಟ್ಟ ಹೆಂಗ ಆಗ್ತೈತ್ರಿ? ನೀವು ಸಾಲಿಗಿ ಹೋಗಿದ್ರ ತಿಳೀತಿತ್ತು.”

ವೃಷಾಲಿ ತನ್ನ ಮುರುಕು ಕನ್ನಡದಲ್ಲಿ, ಬೇಕಾದಲ್ಲಿ ಮರಾಠಿ ಸೇರಿಸಿ, ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹೊಗೆಯಲ್ಲಿ ಕಣ್ಣಿಗೆ ಕಾಣದ ಧೂಳಿದೆ, ಪೆಟ್ಟಿಗೆ ಎಣಿಸಿದ್ದು ಅದನ್ನೇ. ಜೋಳದ ಹಿಟ್ಟು ಸೋಸುವ ಜರಡಿಯಲ್ಲಿ ಅದು ನಿಲ್ಲುವುದಿಲ್ಲ, ಮೂಗಿನ ಕೂದಲಲ್ಲೂ ನಿಲ್ಲುವುದಿಲ್ಲ. ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ಹೃದಯದ ನಾಳಗಳ ಗೋಡೆ ಅದರಿಂದ ಊದುತ್ತದೆ, ದಪ್ಪಗಾಗುತ್ತದೆ, ಒಂದು ದಿನ ಮುಚ್ಚಿಕೊಳ್ಳುತ್ತದೆ. ರಸ್ತೆಯ ಹೊಗೆಯಾದರೂ ಅಷ್ಟೇ, ಒಲೆಯ ಹೊಗೆಯಾದರೂ ಅಷ್ಟೇ.

“ಬಸ್ಸಿನ ಹೊಗಿ ಬ್ಯಾರೆ, ಒಲಿ ಹೊಗಿ ಬ್ಯಾರೆ,” ಎಂದಳು ಕೃಷ್ಣವ್ವ. “ಒಲಿ ಅಂದ್ರ ಲಕ್ಷ್ಮಿ. ನಮ್ಮವ್ವ ಜಲಮ ಎಲ್ಲಾ ಒಲಿ ಮುಂದನ ಕಳದ್ಲು. ಏನಾಗಿತ್ತ ಆಕೀಗಿ?”

“ಈಗ ಅದಾರೇನ್ರಿ?”

“ಇಲ್ಲವಾ, ಹೋಗಿ ಭಾಳ ವರ್ಷಾತು. ಪುಣ್ಯವಂತಿ, ರೊಟ್ಟಿ ಬಡೀತ ಬಡೀತ ಹಂಗ ಗ್ವಾಡಿಗಿ ಆನಿಕೊಂಡ್ಲು. ಒಂದ ದಿನಾ ಹಾಸಿಗಿ ಹಿಡೀಲಿಲ್ಲ.”

“ವಯಸ್ಸ ಎಷ್ಟ?”

“ಐವತ್ನಾಕ.”

ವೃಷಾಲಿ ಹಾಳೆಯ ಮೇಲೆ ಆ ಸಂಖ್ಯೆ ಬರೆದುಕೊಂಡಳು. ಕೃಷ್ಣವ್ವನ ವಯಸ್ಸನ್ನು ಆಗಲೇ ಬರೆದಾಗಿತ್ತು: ಐವತ್ತೆಂಟು. ಭಾನುವಾರ ಪಕ್ಕದ ಶಾಲೆಯಲ್ಲಿ ಎದೆ ತಪಾಸಣೆಯ ಶಿಬಿರವಿದೆ, ಇಬ್ಬರೂ ಬರಬೇಕು ಎಂದಷ್ಟೇ ಹೇಳಿ ಎದ್ದಳು.

“ಇವರನ್ನ ಕರಕೊಂಡ ಬರತೇನಿ,” ಎಂದು ಕೃಷ್ಣವ್ವ ಮಾತು ಕೊಟ್ಟಳು. ಅಷ್ಟು ವರ್ಷ ಬೀಡಿ ಸೇದಿದ ಎದೆ. ಅದರೊಳಗೆ ಏನೇನು ಅಡಗಿದೆಯೋ ಎಂಬ ಚಿಂತೆ ಅವಳಿಗೆ ನಿಜವಾಗಿಯೂ ಇತ್ತು.

ಭಾನುವಾರ ಧೋಂಡಪ್ಪ ಶಾಲೆಯ ಬಾಗಿಲವರೆಗೆ ಬಂದವನು ಹೊಸ್ತಿಲಲ್ಲಿ ಬೇರುಬಿಟ್ಟ. ಒಳಗೆ ಪರದೆಯ ಹಿಂದೆ ಒಂದು ಮಂಚ, ಮಂಚದ ಪಕ್ಕ ಯಂತ್ರ, ಯಂತ್ರದಿಂದ ಹೊರಟ ಬಣ್ಣಬಣ್ಣದ ವಾಯರು.

“ನಾ ಒಲ್ಲೆ. ಕರೆಂಟ ಹೊಡೀತೈತಿ.”

“ಕುರಿ ಕಾಯೂಮುಂದ ತೋಳಕ್ಕ ಅಂಜಲಿಲ್ಲ, ವಾಯರಿಗಿ ಅಂಜತೀರಿ?”

“ತೋಳಕ್ಕ ಪ್ಲಗ್ ಇರೂದಿಲ್ಲ.”

ಸಾಲು ನಿಂತವರೆಲ್ಲ ನಗತೊಡಗಿದರು. ಕೃಷ್ಣವ್ವನಿಗೆ ಮಾನ ಹೋದಂತಾಯಿತು. “ಸರೀರಿ ಅಲ್ಲೆ. ನಾ ತೋರಸ್ತೇನಿ,” ಎಂದು ಗಂಡನನ್ನು ಬದಿಗೆ ಸರಿಸಿ, ಸೆರಗು ಕಟ್ಟಿ, ರಣರಂಗಕ್ಕೆ ಇಳಿಯುವವಳಂತೆ ಮಂಚವೇರಿದಳು. ತಪಾಸಣೆಯ ಹೆಣ್ಣುಮಗಳು ಪರದೆ ಎಳೆದು ವಾಯರು ಅಂಟಿಸಿದಳು. ಪರದೆಯಾಚೆಯಿಂದ ರಾಣಿಯ ವರದಿ ಬರುತ್ತಿತ್ತು: “ನೋಡ್ರಿ, ಏನೂ ಆಗೂದಿಲ್ಲ. ಸ್ವಲ್ಪ ತಣ್ಣಗ ಹತ್ತತೈತಿ, ಅಷ್ಟ. ಈಗ ಕಾಗದ ಬರಾಕತ್ತೈತಿ. ಆತು! ಈಗ ಇವರನ್ನ ಮಲಗಸ್ರಿ.”

ಆ ಹೆಣ್ಣುಮಗಳು ಕಾಗದ ನೋಡಿದಳು. ಮತ್ತೊಮ್ಮೆ ತೆಗೆದಳು. ಎರಡನ್ನೂ ಹಿಡಿದುಕೊಂಡು ಹೊರಗೆ ಹೋದಳು.

“ಮಾವಶಿ, ಏಳಬ್ಯಾಡ್ರಿ,” ಎಂದು ಮಾತ್ರ ಹೇಳಿ ಹೋದಳು.

ಬಂದವರು ಡಾಕ್ಟರ್ ಜಯಕುಮಾರ. ಸಮಡೋಳಿಯವರು, ಮನೆಮಾತು ಕನ್ನಡ, ಸಾವಕಾಶದ ಮನುಷ್ಯ. ಉಸಿರು ಹತ್ತುತ್ತದೆಯೇ ಎಂದು ಕೇಳಿದರು. ಪಿತ್ತದ ವಿವರಣೆ ಬಂತು. ಭುಜ ನೋಯುತ್ತದೆಯೇ ಎಂದು ಕೇಳಿದರು. ಎಡಗೈಯ ಹೊಟ್ಟೆಕಿಚ್ಚಿನ ವಿವರಣೆ ಬಂತು. ಎಲ್ಲವನ್ನೂ ಕೇಳಿಕೊಂಡು, ರಕ್ತದೊತ್ತಡ ನೋಡಿ, ಗಾಲಿಕುರ್ಚಿ ತರಿಸಿದರು. ಧೋಂಡಪ್ಪನನ್ನೂ ಆಮೇಲೆ ಮಲಗಿಸಿದರು. ಹೆಂಡತಿಯ ಗಾಬರಿಯಲ್ಲಿ ಅವನಿಗೆ ಕರೆಂಟಿನ ನೆನಪೇ ಉಳಿದಿರಲಿಲ್ಲ. ಅವನ ಕಾಗದದ ಮೇಲೆ ಹೃದಯ ಕುರಿಯ ಹಿಂಡಿನಂತೆ ಒಂದೇ ಸಾಲಿನಲ್ಲಿ ತಣ್ಣಗೆ ನಡೆದುಹೋಗಿತ್ತು.

ಇಪ್ಪತ್ತೆರಡು ವರ್ಷ ಯಾವ ದವಾಖಾನೆಯ ಬೆನ್ನಿಗೆ ಹೊಗೆ ಹಾಕಿದ್ದಳೋ ಅದರ ಮುಂಬಾಗಿಲನ್ನು ಕೃಷ್ಣವ್ವ ಆ ದಿನ ಮೊದಲ ಸಲ ನೋಡಿದಳು. ಮಾರನೆಯ ದಿನ ಬಲ ಮಣಿಕಟ್ಟಿನಿಂದ, ಅಂದರೆ ಲಕ್ಷಾಂತರ ರೊಟ್ಟಿ ಬಡಿದ ಕೈಯಿಂದಲೇ, ಸಣ್ಣ ನಳಿಕೆ ತೂರಿಸಿ ಹೃದಯದ ನಾಳ ನೋಡಿದರು. ನೋಡಿ, ಸ್ಟೆಂಟ್ ಕೂರಿಸಿದರು. ಹೊರಗೆ ತರುವಾಗ ಓಣಿಯಂಥ ಉದ್ದ ಹಾದಿಯಲ್ಲಿ ಗಿರಾಕಿಗಳು ಸಾಲಾಗಿ ನಿಂತಿದ್ದರು. ಎರಡು ಬ್ಲಾಕಿನ ಕಾಕಾನನ್ನು ಕರೆತಂದಿದ್ದವನು ಗೌರವದಿಂದ ಬಗ್ಗಿ ಕೇಳಿದ:

“ಎಷ್ಟ ಬ್ಲಾಕ, ಮಾವಶಿ?”

ಕೃಷ್ಣವ್ವ ಕಣ್ಣು ಮುಚ್ಚಿಕೊಂಡಳು. “ಒಂದ,” ಎಂದಳು. ಸ್ವಲ್ಪ ದೂರ ಹೋದ ಮೇಲೆ, ಸತ್ಯವನ್ನು ಅರ್ಧಕ್ಕೆ ಬಿಡಬಾರದೆಂದು, “ನೂರಕ್ಕ ತೊಂಬತ್ತ ಟಕ್ಕೆ” ಎಂದು ಸೇರಿಸಿದಳು.

ಅವಳ ಬೆರಳಿನ ಗುಟ್ಟು ರಟ್ಟಾದದ್ದು ಆ ಸಂಜೆ. ಬೆರಳಿನ ತುದಿಗೆ ಚಿಮಟದಂಥದ್ದೊಂದು ಸಿಕ್ಕಿಸಿ ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ನೋಡುವ ಉಪಕರಣ. ನರ್ಸ್ ಬೆರಳಿನ ಮಸಿ ಒರೆಸಿದಳು. ಹೋಗಲಿಲ್ಲ. ಸ್ಪಿರಿಟ್ ಹಾಕಿ ತಿಕ್ಕಿದಳು. ಹೋಗಲಿಲ್ಲ. ಡಾಕ್ಟರ್ ಜಯಕುಮಾರ ಬಂದು ಕೈ ಹಿಡಿದು ನೋಡಿದರು.

“ಹಲ್ಲ ಎಷ್ಟ ಸಲ ತಿಕ್ಕತೀರಿ ಅವ್ವಾ?”

“ಆರ ಸಲ. ಈಗೀಗ ಏಳ,” ಎಂದಳು, ಹೆಮ್ಮೆಯಿಂದ.

“ಪುಡಿ ಎಲ್ಲೈತಿ?”

ದಿಂಬಿನ ಕೆಳಗಿನಿಂದ ಡಬ್ಬಿ ಬಂತು. ಡಾಕ್ಟರರು ಮುಚ್ಚಳ ತೆಗೆದು ಮೂಸಿ, ಕಾಗದಗಳಲ್ಲಿ ‘ತಂಬಾಕು: ಇಲ್ಲ’ ಎಂದಿದ್ದ ಕಡೆ ಸುಮ್ಮನೆ ನೋಡಿದರು. ಕೃಷ್ಣವ್ವ ಸೆಗಣಿ-ವಿಭೂತಿಯ ಸಿದ್ಧಾಂತವನ್ನು ಆದ್ಯಂತ ಮಂಡಿಸಿದಳು. ಅವರು ಕೊನೆಯವರೆಗೆ ಕೇಳಿ ಡಬ್ಬಿಯ ಮುಚ್ಚಳ ಹಾಕಿದರು.

“ನಿಮ್ಮ ಎದ್ಯಾಗ ಒಬ್ಬಾವ ಕಳ್ಳ ಹೊಕ್ಕಿಲ್ಲ, ಅವ್ವಾ,” ಎಂದರು. “ಒಲಿ ಹೊಗಿ ಒಬ್ಬಾವ. ಬಿ.ಪಿ. ಒಬ್ಬಾವ, ಖರ್ಡಾ ಚಟ್ನ್ಯಾಗಿನ ಉಪ್ಪ ಅವಗ ಬಾಗಲಾ ತಗದೈತಿ. ಈ ಡಬ್ಬ್ಯಾಗಿನಾಂವ ಮೂರನೇದಾಂವ. ಬಿಡಬೇಕು.”

“ಹಲ್ಲಿನ ಪುಡಿ ಬಿಡೂದೇನ ದೊಡ್ಡದ್ರಿ ಸಾಹೇಬ್ರ? ಬೇಕಂದ್ರ ವರ್ಷ ಬಿಡತೇನಿ.”

“ವರ್ಷ ಬ್ಯಾಡ. ಮೂರ ದಿನಾ ಬಿಟ್ಟ ತೋರಸ್ರಿ. ಇದು ತಂಬಾಕು ಅಲ್ಲ ಅಂದ್ರ ಏನೂ ಆಗೂದಿಲ್ಲ.”

“ಆತು!” ಎಂದಳು ಕೃಷ್ಣವ್ವ. ಡಾಕ್ಟರರು ಡಬ್ಬಿಯನ್ನು ಧೋಂಡಪ್ಪನ ಕೈಗೆ ಕೊಟ್ಟು ಹೋದರು.

ಮೊದಲ ದಿನ ಏನೂ ಆಗಲಿಲ್ಲ. ಅಂದರೆ ಬೆಳಿಗ್ಗೆ ಏನೂ ಆಗಲಿಲ್ಲ. ಮಧ್ಯಾಹ್ನಕ್ಕೆ ತಲೆಯೊಳಗೆ ಯಾರೋ ಕಟ್ಟಿಗೆ ಒಡೆಯತೊಡಗಿದರು. ಬಾಯಿಗೆ ಚಹಾ ಮಣ್ಣಾಯಿತು. ಎರಡನೆಯ ದಿನ ಹೊಟ್ಟೆ ಮುಷ್ಕರ ಹೂಡಿತು, ತೋರುಬೆರಳು ತಾನಾಗಿಯೇ ಬಾಯಿಯ ಕಡೆ ಹೊರಟು ಅರ್ಧ ದಾರಿಯಿಂದ ಹಿಂದಿರುಗುತ್ತಿತ್ತು.

“ಆ ಡಬ್ಬಿ ಕೊಡ್ರಿಲ್ಲೆ,” ಎಂದಳು ಸಂಜೆಗೆ.

ಧೋಂಡಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಕಿಸೆಯ ಮೇಲೆ ಕೈಯಿಟ್ಟುಕೊಂಡ. “ಕೊಡತೇನಿ, ದಿಲ್ಯಾನವ್ವಾ. ನಾ ಇಲ್ಲ ಅನ್ನೂದಿಲ್ಲ. ಹೆಸರ ಹಿಡದ ಕೇಳು.”

“ಏನ ಹೆಸರ?”

“‘ತಂಬಾಕು ಕೊಡ್ರಿ’ ಅನ್ನು. ಕೊಡತೇನಿ.”

ಕೃಷ್ಣವ್ವ ಗಂಡನನ್ನು ನೋಡಿದಳು. ನಲವತ್ತೆರಡು ವರ್ಷ ಕುರಿಯಂತಿದ್ದ ಮನುಷ್ಯ. “ಮಶೇರಿ ಕೊಡ್ರಿ,” ಎಂದಳು.

“ಆ ಹೆಸರಿಂದು ನನ್ನ ಹಂತ್ಯಾಗ ಇಲ್ಲ.”

“ಹಲ್ಲಿನ ಪುಡಿ.”

“ಅದೂ ಇಲ್ಲ.”

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಆ ಒಂದು ಶಬ್ದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಂದರೆ ಸಾಕು, ತಲೆನೋವು ಹೋಗುತ್ತದೆ. ಅಂದರೆ ಸೆಗಣಿ-ವಿಭೂತಿಯ ಸಿದ್ಧಾಂತವೂ ಹೋಗುತ್ತದೆ, ಕಂಬದ ಕಥೆಯೂ ಹೋಗುತ್ತದೆ, ಎತ್ತಿದ ಬೆರಳೂ ಹೋಗುತ್ತದೆ. ಅವಳು ಹಲ್ಲು ಕಚ್ಚಿಕೊಂಡಳು. ಒಳ್ಳೆಯ ಬುದ್ಧಿ ಮಾಡಲಾಗದ ಕೆಲಸವನ್ನು ಆ ದಿನ ಹಟ ಮಾಡಿತು.

ಮೂರನೆಯ ದಿನ ಬೆಳಿಗ್ಗೆ ಧೋಂಡಪ್ಪ ಮೋಸಂಬಿ ತಂದು ಒಳಗೆ ಬಂದಾಗ, ಕೃಷ್ಣವ್ವ ಮಂಚದ ಮೇಲೆ ಎದ್ದು ಕೂತು, ಸಲೈನಿನ ಬಾಟಲಿ ತೂಗುಹಾಕುವ ಕಬ್ಬಿಣದ ಕೋಲಿನ ಮೇಲೆ ಕೂಗಾಡುತ್ತಿದ್ದಳು.

“ಒಂದ ಸವನ ನಿಂತೈತಿ! ಯಾಕ ನಿಂತಿ ಇಲ್ಲೆ? ನಿನಗೇನ ಕೆಲಸ ಇ...”

ಮಾತು ಅಲ್ಲೇ ನಿಂತಿತು. ಅವಳು ಕೋಲನ್ನು ನೋಡಿದಳು. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಆರು ವರ್ಷ, ಮೂರು ತಾಲೂಕು, ಎಷ್ಟೋ ಸಾವಿರ ಗಿರಾಕಿಗಳು ನಕ್ಕ ನಗೆಯನ್ನೆಲ್ಲ ಬಡ್ಡಿಸಮೇತ ವಾಪಸು ಕೊಡಲು ಧೋಂಡಪ್ಪನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಹುಟ್ಟಿ ಬರುವುದಿರಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಕೂತು, ಮೋಸಂಬಿ ಸುಲಿಯತೊಡಗಿದ.

ಎರಡು ತೊಳೆ ತಿಂದ ಮೇಲೆ ಅವಳು ಮೆಲ್ಲಗೆ ಕೇಳಿದಳು: “ನಮ್ಮವ್ವನೂ ತಿಕ್ಕತಿದ್ಲು. ಅಲ್ರಿ?”

“ತಿಕ್ಕತಿದ್ಲು.”

“ಒಲಿ ಮುಂದೂ ಇದ್ಲು.”

“ಇದ್ಲು.”

“ಪುಣ್ಯವಂತಿ, ಲಗೂನ ಹೋದ್ಲು ಅಂತಿದ್ವಿ.”

ಧೋಂಡಪ್ಪ ಇನ್ನೊಂದು ತೊಳೆ ಕೊಟ್ಟ. ಕಿಟಕಿಯ ಕೆಳಗೆ ಗಲ್ಲಿಯಿಂದ ಶೀತಲ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕೃಷ್ಣವ್ವ ಕಿಟಕಿಯ ಕಡೆ ಹೊರಳಿದಳು. “ಆ ಹುಡುಗೀಗಿ ಹೇಳ್ರಿ, ಆ ಬಣ್ಣದ ಕಟ್ಟಿಗಿ ಹಾಕಬ್ಯಾಡ ಅಂತ,” ಎಂದಳು. ಮತ್ತೆ ಯೋಚಿಸಿ, “ಒಲೀನ ಹಚ್ಚಬ್ಯಾಡ ಅಂತ ಹೇಳ್ರಿ. ದಿಲ್ಯಾಗ ಗ್ಯಾಸಿನ ಶೇಗಡಿ ತರಾಕ ಹೇಳ್ರಿ,” ಎಂದಳು.

ಅವಳು ತಿರುಗಿ ಬಂದಾಗ ತಗಡಿನ ಮಾಡಿನಲ್ಲಿ ದೊಡ್ಡದೊಂದು ಹೊಗೆಗಿಂಡಿ ಬಾಯಿ ತೆರೆದಿತ್ತು. ಒಲೆಗಳಿದ್ದಲ್ಲಿ ಮೂರು ಬಾಯಿಯ ಗ್ಯಾಸಿನ ಶೇಗಡಿ ನಿಂತಿತ್ತು. ಮಹಾರಾಣಿ ತಿಂಗಳುಗಟ್ಟಲೆ ಅದನ್ನು ಶತ್ರುರಾಜನ ರಾಯಭಾರಿಯನ್ನು ನೋಡುವಂತೆ ನೋಡಿದಳು. ದಿನಕ್ಕೆ ಎರಡು ಹೊತ್ತು ಗುಳಿಗೆ, ಖರ್ಡಾಕ್ಕೆ ಅರ್ಧ ಉಪ್ಪು, ರೊಟ್ಟಿ ಬಡಿಯುವುದು ಐವತ್ತಕ್ಕಿಂತ ಹೆಚ್ಚಿಲ್ಲ. ಗ್ಯಾಸಿನ ರೊಟ್ಟಿ ಎಂದು ತಿಳಿದರೆ ಗಿರಾಕಿಗಳು ಓಡಿಹೋಗುತ್ತಾರೆಂಬ ಭಯ ಒಂದು ವಾರ ಇತ್ತು. ಆಮೇಲೆ ಅಥಣಿಯ ಮುದುಕರೊಬ್ಬರು ಎರಡು ರೊಟ್ಟಿ ಮುಗಿಸಿ, “ಏನ ಅನ್ನವಾ, ಕಟ್ಟಿಗಿ ಒಲಿ ರೊಟ್ಟಿ ರುಚೀನ ಬ್ಯಾರೆ” ಎಂದು ತೇಗಿದರು. ಕೃಷ್ಣವ್ವ “ಹೌದ್ರಿ ಯಪ್ಪಾ” ಎಂದು ಮೂರನೆಯದನ್ನು ಬಡಿಸಿದಳು.

ಡಬ್ಬಿ ಧೋಂಡಪ್ಪನ ಬಳಿಯೇ ಉಳಿಯಿತು. ಅವನು ಅದನ್ನೆಲ್ಲಿ ಇಡುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಹನ್ನೊಂದು ತಾಣಗಳನ್ನು ಕಂಡುಹಿಡಿದವಳು ಅವಳೇ. ಬೀರೋಬನ ಫೋಟೋಗೆ ಭಂಡಾರ ಹಚ್ಚುವಾಗ ದಿನಾಲೂ ಕೈ ಅದರ ಅಂಚಿನವರೆಗೆ ಹೋಗುತ್ತಿತ್ತು. ಹಿಂದಕ್ಕೆ ಹೋಗಿ ಹುಡುಕಲಿಲ್ಲ.

ಐದು ತಿಂಗಳ ಮೇಲೆ ವೃಷಾಲಿ ಮತ್ತೆ ಬಂದಳು. ಅದೇ ಹಾಳೆ, ಅದೇ ಬಿಳಿ ಪೆಟ್ಟಿಗೆ. ಪೆಟ್ಟಿಗೆಯನ್ನು ಮಣೆಯ ಪಕ್ಕದಲ್ಲಿಟ್ಟರೆ ಅದು ಅರಚಲಿಲ್ಲ. ಐವತ್ತೆಂಟಕ್ಕೆ ಬಂದು ಸುಮ್ಮನಾಯಿತು.

“ಐವತ್ತೆಂಟ ಯಾಕ?” ಎಂದಳು ಕೃಷ್ಣವ್ವ ಅಸಮಾಧಾನದಿಂದ. “ಇನ್ನ ಕಡಮಿ ಬೀಳಬೇಕಿತ್ತು. ಬಸ್ಸಿನ ಹೊಗಿ ಒಳಗ ಬರಾಕತ್ತೈತಿ. ಏನ್ರೀ, ರಸ್ತೇ ಕಡೇ ಬಾಗಲಾ ಮುಚ್ಚರಿ.”

ಧೋಂಡಪ್ಪ ಎದ್ದು ಬಾಗಿಲು ಮುಚ್ಚಿದ. ವೃಷಾಲಿ ಪ್ರಶ್ನೆಗಳನ್ನು ಮೊದಲಿನಿಂದ ಓದತೊಡಗಿದಳು. ಒಲೆಗೆ ಏನು, ಉಪ್ಪು ಎಷ್ಟು, ಗುಳಿಗೆ ತಪ್ಪುತ್ತದೆಯೇ. ನಂತರ ಹಾಳೆಯ ಮೇಲಿಂದ ಕಣ್ಣೆತ್ತದೆ, ಅಭ್ಯಾಸಬಲದಿಂದ, “ತಂಬಾಕು?” ಎಂದಳು.

ಕೃಷ್ಣವ್ವ ತೋರುಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. ಕಪ್ಪು ಉಗುರಿನ ಬುಡದಲ್ಲಿ ಮಾತ್ರ ಉಳಿದಿತ್ತು.

“ಇತ್ತು,” ಎಂದಳು. “ನಲವತ್ತೊಂದ ವರ್ಷ ಇತ್ತು. ತಂಬಾಕು. ಬರಕೋ.”

ಶೀತಲ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ವೃಷಾಲಿ ‘ಇಲ್ಲ’ದ ಮೇಲೆ ಹೋಗುತ್ತಿದ್ದ ಪೆನ್ನನ್ನು ತಡೆದಳು. ಧೋಂಡಪ್ಪ ಎದ್ದು, ಬೀರೋಬನ ಫೋಟೋದ ಹಿಂದೆ ಕೈಹಾಕಿ ಹಿಂಗಿನ ಡಬ್ಬಿಯನ್ನು ತೆಗೆದ. ತಂದು ಹೆಂಡತಿಯ ಮುಂದೆ ಪರಾತದ ಪಕ್ಕದಲ್ಲಿಟ್ಟ.

“ಹೆಸರ ಹಿಡದ ಹೇಳಿದಿ,” ಎಂದ. “ಮಾತಂದ್ರ ಮಾತ. ತಗೋ.”

ಗ್ಯಾಸಿನ ಉರಿ ಸಣ್ಣಗೆ ಸುಯ್‍ಗುಟ್ಟುತ್ತಿತ್ತು. ಕೃಷ್ಣವ್ವ ಡಬ್ಬಿ ಎತ್ತಿಕೊಂಡಳು. ಮುಚ್ಚಳ ಸಡಿಲಿಸಿದಳು, ಆ ವಾಸನೆ ಬಂದದ್ದೇ ಬಾಯಲ್ಲಿ ನೀರೂರಿತು. ಒಂದು ಗಳಿಗೆ ಮುಚ್ಚಳ ಅವಳ ಕೈಯಲ್ಲೇ ಇತ್ತು. ಆಮೇಲೆ ಎದ್ದು, ಸಾವಕಾಶ ನಡೆದು, ಮೋರಿಯ ಮೇಲೆ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಎರಡು ಪೆಟ್ಟು ಕೊಟ್ಟಳು. ಕರಿ ಪುಡಿ ಗಾಳಿಗೆ ಎದ್ದಿತು. ಮೊದಲು ವೃಷಾಲಿ ಸೀನಿದಳು, ನಂತರ ಶೀತಲ, ಕೊನೆಗೆ ಧೋಂಡಪ್ಪ. ಬಿಳಿ ಪೆಟ್ಟಿಗೆಯಲ್ಲಿ ಅಂಕೆ ಐವತ್ತೆಂಟರಿಂದ ಅರವತ್ತೆರಡಕ್ಕೆ ಏರಿತು.

“ನೋಡ್ರಿ, ಮಾರ್ಕ ಹೋದು,” ಎಂದಳು ಕೃಷ್ಣವ್ವ. ಖಾಲಿ ಡಬ್ಬಿಯನ್ನು ಸೊಸೆಯ ಕೈಗಿಟ್ಟಳು. “ಶೀತ್ಲಿ, ಇದನ್ನ ಬಿಸಿನೀರಾಗ ತೊಳದ ಬಿಸಲಿಗಿ ಇಡು. ನಾಳಿಂದ ಇದರಾಗ ಹಿಂಗ ಇಡೂನು.”